ಪರದೆಯ ಹಿಂದೆ ಎಲ್ಲರಿಗೂ ಒಂದೇ ಪ್ರಶ್ನೆ

ಸಭಾಧ್ಯಕ್ಷತೆ ವಹಿಸಿರುವ ಊರ ಹಿರಿಯರೇ, ಇಂದು ಸನ್ಮಾನಿತರಾಗುತ್ತಿರುವ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕಿ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ ತಡಾಲಾ ಕಚಿಂಗ್ವೆಯವರೇ, ಜೊಂಬಾ ಪೇಟೆಯ ತಾಯಂದಿರೇ, ಸಭಿಕರೇ,

ಮಾತು ಚಿಕ್ಕದಾಗಿರಲಿ ಎಂದು ಕಾರ್ಯದರ್ಶಿಗಳು ಕೋರಿದ್ದಾರೆ. ನಿವೃತ್ತ ಮೇಷ್ಟರಲ್ಲಿ ಹೀಗೆ ಕೋರುವುದು ಮೀನಿಗೆ ಈಜಬೇಡವೆಂದಂತೆ.

ಬಸುರಿಯರಲ್ಲಿ ರಕ್ತದೊತ್ತಡ ಏಕೆ ಏರುತ್ತದೆ? ಫಿಟ್ಸ್ ಬಂದು ತಾಯಿ, ಮಗು ಏಕೆ ಸಾಯುತ್ತಾರೆ? ಇದು ಇವರ ಸಂಶೋಧನೆ. ಅದಕ್ಕೆ ಒತ್ತಡ ಏರುವ ಮೊದಲಿನ ರಕ್ತ ಬೇಕು. ಅಂದರೆ, ಆಗತಾನೇ ಬಸುರಾದವರು ಬೇಕು. ಇವರು ಪೇಟೆಯಲ್ಲಿ ಕುರ್ಚಿ ಹಾಕಿ, 'ಗರ್ಭಿಣಿಯರಿಗೆ ಮಾತ್ರ' ಎಂದು ಫಲಕ ನಿಲ್ಲಿಸಿದರು. ದೋಷರಹಿತ ಫಲಕ, ತಿದ್ದಿಕೊಟ್ಟವನು ನಾನೇ. ಯಾರು ಬಂದು ಕುಳಿತರು? ಒಬ್ಬರೂ ಇಲ್ಲ. ಹೊಟ್ಟೆ ಕಾಣುವ ಮೊದಲು ನಮ್ಮ ಹೆಣ್ಣುಮಕ್ಕಳು ಬಸುರಿನ ಸುದ್ದಿ ಹೇಳುತ್ತಾರೆಯೇ? ಮಾಟಕ್ಕೆ ಹೆದರಿ ತವರಿಗೂ ತಿಳಿಸರು.

ಒಣಮೀನು ಮಾರುವ ಅಬಿಟಿ ಅಜಿದು ಕುಳಿತಲ್ಲಿಂದಲೇ ಹೇಳಿದಳು: "ಏ ಪ್ರೊಫೆಸರಮ್ಮ, ಆ ಕುರ್ಚೀಲಿ ಕೂತ್ರೆ ಊರಿಗೆಲ್ಲಾ ಡಂಗುರ ಹೊಡೆದಂಗೆ. ನೀನೇ ಕೂತ್ಕೊ, ನಿನ್ ಗಂಡನಿಗಾದ್ರೂ ಖುಷಿಯಾಗ್ಲಿ."

ಪ್ರಾಧ್ಯಾಪಕಿ ನಕ್ಕರು. ನಕ್ಕು, ಮೀನಿನ ಬುಟ್ಟಿಯ ಪಕ್ಕದಲ್ಲಿಯೇ ಕುಳಿತು ಅವಳನ್ನು ಕೇಳಿದರು, ಕೇಳಿದರು, ಸಂಜೆಯವರೆಗೂ ಕೇಳಿದರು. ಮರುವಾರ ಫಲಕವಿರಲಿಲ್ಲ, ಒಂದು ಪರದೆಯಿತ್ತು. ಯಾರಾದರೂ ಬರಬಹುದು. ಅಜ್ಜಿಯರು, ಕಟುಕರು, ಸೈಕಲ್ ಬಾಡಿಗೆಯ ಹುಡುಗರು, ಎಲ್ಲರಿಗೂ ಅದೇ ಒತ್ತಡದ ಪರೀಕ್ಷೆ, ಅದೇ ಸೂಜಿ, ಅದೇ ಪ್ರಶ್ನೆ, ಅಷ್ಟೇ ಹೊತ್ತು. ಒಳಗೆ ಯಾರು ಬಸುರಿ ಎಂದು ಹೊರಗಿನವರಿಗೆ ಹೇಗೆ ತಿಳಿದೀತು?

ನನ್ನನ್ನೂ ಕೇಳಿದರು. "ಮೇಷ್ಟ್ರೇ, ಈ ತಿಂಗಳು ಮುಟ್ಟು ನಿಂತಿದೆಯಾ?" ಎಪ್ಪತ್ತು ದಾಟಿದವನು ಗಂಭೀರವಾಗಿ "ಇಲ್ಲ" ಎಂದೆ. ಆ ಉತ್ತರಕ್ಕೆ ಎಷ್ಟು ಅಂಕ ಕೊಟ್ಟರೋ ತಿಳಿಯದು.

ನನ್ನ ಮಗಳು ತಿಯಾಮಿಕೆ ಇಲ್ಲಿಯೇ ಇದ್ದಾಳೆ. ಅವಳ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಮೊದಲ ಹೆರಿಗೆಯಲ್ಲಿ ಫಿಟ್ಸ್ ಬಂದು, ಮಗು ಹೋಗಿ, ಇವಳೊಬ್ಬಳು ಉಳಿದಿದ್ದಳು. ಕಳೆದ ವರ್ಷ ಪ್ರತಿ ಶನಿವಾರವೂ ನನ್ನನ್ನು ಎಬ್ಬಿಸುತ್ತಿದ್ದಳು.

"ಅಪ್ಪಾ, ಏಳಿ, ನಿಮ್ಮ ಒತ್ತಡ ನೋಡಿಸ್ಕೊಂಡು ಬರೋಣ."

"ನಂಗೇನಾಗಿದೆ?"

"ವಯಸ್ಸಾಗಿದೆ."

ಹೋದೆ. ಜೊತೆಗೆ ಬಂದ ತಪ್ಪಿಗೆಂಬಂತೆ ಅವಳೂ ಪರದೆಯ ಹಿಂದೆ ಕೂರುತ್ತಿದ್ದಳು. ಮೇಷ್ಟರ ಕಥೆ ಮುಗಿಯಿತೆಂದು ಊರೆಲ್ಲ ಗುಸುಗುಸು. ಹಳೆಯ ವಿದ್ಯಾರ್ಥಿಗಳು ಮೊಟ್ಟೆ ತಂದು, ನನ್ನ ಮುಖ ನೋಡಿ ನಿಟ್ಟುಸಿರುಬಿಟ್ಟರು. ನಾನಾದರೋ ಶವಸಂಸ್ಕಾರಕ್ಕೆ ಹಾಡನ್ನೂ ಆರಿಸಿಟ್ಟೆ.

ಮಗಳ ಹೊಟ್ಟೆ ಕಾಣಿಸಿದ ಮೇಲೆ, ಅವಳ ಒಪ್ಪಿಗೆಯಿಂದ, ಪ್ರಾಧ್ಯಾಪಕಿ ಬಾಯಿಬಿಟ್ಟರು: "ನಿಮ್ಮ ಒತ್ತಡ ಮೊದಲಿಂದ್ಲೂ ಚೆನ್ನಾಗೇ ಇದೆ ಮೇಷ್ಟ್ರೇ. ನಾವು ಕಾಯ್ತಿದ್ದಿದ್ದು ನಿಮ್ಮ ಜೊತೆಗೆ ಬರ್ತಿದ್ದವರನ್ನ."

ಎಂಟನೆಯ ತಿಂಗಳಲ್ಲಿ ಅವಳ ಒತ್ತಡ ಏರಿಯೇ ಏರಿತು. ಕಾಯುತ್ತಿದ್ದವರಿದ್ದುದರಿಂದ ಅಂದೇ ಆಸ್ಪತ್ರೆಗೆ ಸೇರಿಸಿದರು. ಹೊರಗಿನ ಬೆಂಚಿನಲ್ಲಿ ಕುಳಿತ ನನಗೆ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ. ಆಮೇಲೆ ಮಗು ಅತ್ತಿತು. ತಾಯಿಯೂ ಕಣ್ಣು ತೆರೆದಳು.

ಅಲ್ಲಿಯೇ ನಾನು ಪ್ರಾಧ್ಯಾಪಕಿಯನ್ನು ಕೇಳಿದೆ: ಒತ್ತಡ ಏರಿದ್ದಾದರೂ ಏಕೆ?

"ಗೊತ್ತಿಲ್ಲ ಮೇಷ್ಟ್ರೇ. ಇವತ್ತಿನ ರಕ್ತಾನ ಮೊದಲಿನ ರಕ್ತದ ಪಕ್ಕ ಇಟ್ಟು ನೋಡ್ಬೇಕು."

ಸಭಿಕರೇ, ತರಗತಿಯಲ್ಲಿ 'ಗೊತ್ತಿಲ್ಲ' ಎಂದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಇಂದು ಅದೇ ಉತ್ತರ ಕೊಟ್ಟವರನ್ನು ವೇದಿಕೆಯ ಮೇಲೆ ಕೂರಿಸಿದ್ದೇವೆ, ಸರಿಯಾಗಿಯೇ ಕೂರಿಸಿದ್ದೇವೆ. ಬಸುರಿಯರಿಗೆ ಮರೆಯಾಗಲೆಂದು ಸುಮ್ಮನೆ ಸೂಜಿ ಚುಚ್ಚಿಸಿಕೊಂಡ ಅಜ್ಜಿಯರಿಗೂ ಕಟುಕರಿಗೂ ನನ್ನ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.