ಸಾಯಲು ಒಪ್ಪದ ಕಲೆಕ್ಟರು

ಅಲ್ಲ ಮಗಾ, ಹಸಿವು ಅಂದ್ರೆ ಈಗಿನ ಮಕ್ಕಳಿಗೆ ದೋಸೆ ಬರೋದು ತಡ ಆಗೋದು, ಅಷ್ಟೇ. ಮೊದ್ಲು ನೆಟ್ಟಗೆ ಕೂತ್ಕೋ, ಕಾಲು ಆಡಿಸ್ಬೇಡ. ನಾನು ಹೇಳ್ತಾ ಇರೋದು ಶಿರೂರಿನಲ್ಲಿ ಮಾಷ್ಟ್ರಾಗಿ ಸೇರಿದ ವರ್ಷದ್ದು, ಇಸವಿ ಸಾವಿರದ ಒಂಬೈನೂರ ಅರವತ್ತರ ನಂತರದ್ದು, ಅಕ್ಕಿಗೆ ತತ್ವಾರ ಬಂದ ಕಾಲ. ರೇಷನ್ ಅಂಗಡಿ ಮುಂದೆ ಬೆಳಿಗ್ಗೆಯಿಂದ ಚೀಲ ಹಿಡಿದು ನಿಂತ್ರೆ ಸಿಗೋದು ಗೋಧಿ. ನಮ್ಮ ಅಮ್ಮನಿಗೆ ಗೋಧಿಯಲ್ಲಿ ಎಂತ ಮಾಡೋದಂತ್ಲೇ ಗೊತ್ತಿಲ್ಲ, ಅದನ್ನೂ ಗಂಜಿ ಬೇಯಿಸಿದ್ರು! ನಾನೋ ಮಂಗಳೂರಿನಲ್ಲಿ ಇಂಗ್ಲಿಷಿನಲ್ಲೇ ಓದಿ ಬಂದವ, ಆದ್ರೆ ಕೆಲಸ ಇನ್ನೂ ಖಾಯಂ ಆಗಿರ್ಲಿಲ್ಲ. ಆಗದಿದ್ರೆ ಬೊಂಬಾಯಿಗೆ ಹೋಗಿ ಮಾವನ ಹೋಟ್ಲಲ್ಲಿ ಕಪ್ಪು-ಬಸಿ ತೊಳೆಯೋದು, ಬೇರೆ ದಾರಿ ಇಲ್ಲ.

ಆ ಸಲ ಸ್ವಾತಂತ್ರ್ಯ ದಿನಕ್ಕೆ ಶಾಲೆಯ ಮೆನೇಜರು ಬೈಂದೂರಿನ ಒಬ್ಬ ಅಜ್ಜನನ್ನು ಕರೆಸಿದ್ರು. ಸ್ವಾತಂತ್ರ್ಯಕ್ಕೆ ಹೋರಾಡಿದವರು, ಆದ್ರೆ ಗಾಂಧಿ ದಾರಿಯಲ್ಲಿ ಚರಕ ತಿರುಗಿಸಿದವರಲ್ಲ. ಅದಕ್ಕೂ ಮುಂಚಿನವರು, ಹುಡುಗು ಪ್ರಾಯದಲ್ಲಿ ಪುಣೆ ಕಡೆ ಹೋಗಿ ಗುಟ್ಟಿನ ಗುಂಪು ಸೇರಿ ಪಿಸ್ತೂಲು ಹಿಡಿದವರು, ಜೈಲು ಕಂಡವರು. ಅಂಥವರ ಕಥೆಯನ್ನೇ ನಾಟಕ ಮಾಡಿ ಅಂತ ಮೆನೇಜರು ನನಗೆ ಹೇಳಿದ್ರು. "ಕಾಣಿ ಮಾಷ್ಟ್ರೆ, ಆ ಅಜ್ಜನ ಎದ್ರ್ ನಗೆಪಾಟ್ಲ್ ಆದ್ರೆ ನಿಮ್ಮ ಕೆಲ್ಸ ಖಾಯಂ ಆಪುದಿಲ್ಲ." ಸರಿ, ಬರೆದೆ. ಒಂದು ಅಕ್ಷರ ಆಚೀಚೆ ಆಗ್ಬಾರ್ದು ಅಂತ ಎಲ್ಲರಿಗೂ ತಾಕೀತು ಮಾಡಿದೆ. ಕ್ರಾಂತಿಕಾರಿ ನಾನೇ. ಬಿಳಿ ಕಲೆಕ್ಟರು ನಮ್ಮ ಡ್ರಿಲ್ ಮಾಷ್ಟ್ರು ಶೆಟ್ರು. ಅಲ್ಲೇ ತೊಂದ್ರೆ ಆದದ್ದು. ಶೆಟ್ರು ಯಕ್ಷಗಾನದಲ್ಲಿ ರಾಕ್ಷಸ ವೇಷ ಹಾಕುವವರು. ಆಟದಲ್ಲಿ ರಾಕ್ಷಸ ಸುಮ್ಮನೆ ಸಾಯ್ತಾನಾ? ವಾದ ಮಾಡ್ಬೇಕು, ಕುಣೀಬೇಕು, ಆಮೇಲೆ ಸಾವು. ನಾನು ಹೇಳಿದೆ, "ಶೆಟ್ರೆ, ಪಿಸ್ತೂಲು ಸಿಡಿದ ಕೂಡ್ಲೇ ಬೀಳ್ಬೇಕು, ಕುಣಿತ ಇಲ್ಲ." ಅವರಿಗೆ ಬೇಜಾರಾಯ್ತು, ಆದ್ರೂ ಒಪ್ಪಿದ್ರು.

ಆ ದಿನ ಬೆಳಿಗ್ಗೆಯಿಂದ ಧೋ ಅಂತ ಮಳೆ. ಸಭೆ ತುಂಬಿತ್ತು, ಅಜ್ಜ ಎದುರು ಕುರ್ಚಿಯಲ್ಲಿ. ನಾನು ಪಟಾಕಿ ಕೇಪು ಹಾಕಿದ ಆಟದ ಪಿಸ್ತೂಲು ಎತ್ತಿ, "ಭಾರತಮಾತೆಯ ಶತ್ರುವೇ, ಇಗೋ!" ಅಂತ ಒತ್ತಿದೆ. ಟಿಕ್. ಕೇಪು ಥಂಡಿ ಹಿಡಿದಿತ್ತು! ನಾನು ಮೆಲ್ಲಗೆ, "ಶೆಟ್ರೆ, ಸಾಯಿರಿ!" ಅಂದೆ. "ಸಿಡೀದೆ ಹ್ಯಾಂಗೆ ಸಾಯುದ್ ಮರಾಯ್ರೆ?" ಅಂದವರೇ ಮೀಸೆ ತಿರುವಿ ಶುರು ಮಾಡಿದ್ರು: "ಎಲವೋ ತರಳ! ಸಪ್ತಸಾಗರ ದಾಟಿ ಬಂದ ನನಗೆ ನಿನ್ನ ಒದ್ದೆ ಕೋವಿ ಯಾವ ಲೆಕ್ಕ?" ಗಿರಗಿರ ಸುತ್ತಿ ಹಾರುವ ಧೀಂಗಿಣ ಬೇರೆ! ಟೋಪಿ ಒಂದು ಕಡೆ, ಕಲೆಕ್ಟರು ಒಂದು ಕಡೆ. ಸಭೆಯಿಂದ, "ಹ್ವಾಯ್ ಶೆಟ್ರೆ, ಬಿಡ್ಬೇಡಿ!" ಅಂತ ಕೂಗು, ಚಪ್ಪಾಳೆಯಲ್ಲೇ ತಾಳ. ಮೆನೇಜರ ಮುಖ ಹುಳಿ ಮಾವಿನಕಾಯಿ ಕಚ್ಚಿದ ಹಾಗೆ. ನಾನು ಬಾಯಿಪಾಠದ ಅದೇ ಮಾತನ್ನು ಮತ್ತೆ ಮತ್ತೆ ಕೂಗಿದೆ. ಬೊಂಬಾಯಿಯ ಬಸಿಗಳು ಕಣ್ಣೆದುರು ಬಂದ್ವು.

ಅಷ್ಟರಲ್ಲಿ ಆ ಅಜ್ಜ ಕೋಲೂರಿ ಎದ್ದು ನಿಂತ್ರು. "ಮಾಷ್ಟ್ರೆ, ನಂದೂ ಹೀಂಗೇ ಸಿಡೀಲಿಲ್ಲ," ಅಂದ್ರು.

ನಾನು ಬೆವರ್ತಾ ಕೇಳಿದೆ, "ಆಗ ಎಂತ ಮಾಡಿದ್ರಿ ಅಜ್ಜಯ್ಯ?"

"ಎಂತ ಮಾಡುದ್? ಬಿಳಿ ದೊರೆ ಒಂದ್ ಬದಿಗೆ ಓಡ್ದ, ನಾ ಒಂದ್ ಬದಿಗೆ ಓಡ್ದೆ!"

ನಗು ಅಂದ್ರೆ ನಗು, ಮಾಡಿನ ಹಂಚು ಹಾರ್ಬೇಕು! ನಗು ಇಳಿದ ಮೇಲೆ ಅಜ್ಜ ಮೆಲ್ಲಗೆ ಹೇಳಿದ್ರು, "ನನ್ನ ಜೊತೆಯವ ಓಡ್ಲಿಲ್ಲ. ಅವ ಅಲ್ಲೇ ನಿಂತ್ ಮತ್ತೊಂದ್ಸಲ ಒತ್ದ. ಅವನಿಗೆ ಗಲ್ಲಾಯ್ತ್." ಶೆಟ್ರ ಕಾಲು ಎತ್ತಿದಲ್ಲೇ ನಿಂತಿತ್ತು. "ಕಾಂಬ, ನೀವೂ ಮತ್ತೊಂದ್ಸಲ ಒತ್ತಿ," ಅಂದ್ರು ಅಜ್ಜ ನನಗೆ.

ಒತ್ತಿದೆ. ಟಿಕ್. ಮತ್ತೆ ಒತ್ತಿದೆ. ಢಂ! ಒಂಟಿ ಕಾಲಲ್ಲಿದ್ದ ಶೆಟ್ರು ಬೆಚ್ಚಿಬಿದ್ದು ನಿಜವಾಗಿಯೂ ದಡಾರನೆ ಬಿದ್ರು. ಅಜ್ಜ ಕಣ್ಣೊರೆಸಿಕೊಂಡು ನಕ್ಕರು, ನಗುವೋ ಅಳುವೋ ನನಗೆ ತಿಳೀಲಿಲ್ಲ. ಹೋಗುವಾಗ ಮೆನೇಜರ ಹತ್ರ, "ಮಾಷ್ಟ್ರನ್ನ ಬಿಡ್ಬೇಡಿ, ಓಡುವ ಪೈಕಿ ಅಲ್ಲ," ಅಂದ್ರಂತೆ. ಮರುವಾರ ಕೆಲಸ ಖಾಯಂ ಆಯ್ತು. ಅಮ್ಮ ಅವತ್ತೂ ಗೋಧಿ ಗಂಜಿಯೇ ಬಡಿಸಿದ್ರು, ಬೆಲ್ಲ ಮಾತ್ರ ಜಾಸ್ತಿ.

ಅದಕ್ಕೇ ಹೇಳೋದು, ಒಂದ್ಸಲ ಸಿಡೀಲಿಲ್ಲ ಅಂತ ಕೈ ಇಳಿಸ್ಬಾರ್ದು. ಬೀಜಗಣಿತ ಬರೋದಿಲ್ಲ ಅಂದ್ಯಲ್ಲ ನೀನು? ತಾ ಪುಸ್ತಕ, ಮತ್ತೊಂದ್ಸಲ ಒತ್ತುವ.