ಅರ್ಧ ಮುದ್ದೆ

...ಅದಕ್ಕೂ ನಾನೇ ಹೇಳ್ತೀನಿ, ಬರ್ಕೊಳ್ಳಿ. ಅವಳನ್ನ ಯಾಕೆ ನೋಡ್ತೀರಿ? ನನ್ನ ಸೊಸೆ ಬಾಯಿ ಬಿಡೋಳಲ್ಲ. ಹೊಸಬರು ಅಂದ್ರೆ ನಾಚಿಕೆ. ನಿಮಗೂ ಅಷ್ಟೇ ಅಂತ ಕಾಣ್ತದೆ! ಬೆಂಗ್ಳೂರಿಂದ ಬಸುರಿ ಬಾಣಂತಿಯರ ವಿಚಾರ ಕೇಳೋಕೆ ಬಂದೋರು ನೆಲ ನೋಡ್ಕೊಂಡು ಕೇಳ್ತೀರಲ್ಲ ತಾಯಿ.

ಅಯ್ಯೋ, ಆ ತಟ್ಟೆ ಮುಟ್ಟಬೇಡಿ, ರೇಷ್ಮೆ ಹುಳ. ಹಣ್ಣಾಗಿ ಗೂಡು ಕಟ್ಟೋ ಹೊತ್ತು... ನಿದ್ದೆ ಅನ್ನೋದೇ ಇಲ್ಲ ನನಗೆ.

ಏನಂದ್ರಿ, ಊಟವಾ? ಅರ್ಧ ಮುದ್ದೆ. ಹೌದಮ್ಮ, ಅರ್ಧ. ಬಸುರಿ ಜಾಸ್ತಿ ಉಂಡ್ರೆ ಕೂಸು ದಪ್ಪ ಆಗ್ತದೆ. ಹೊರಗೆ ಬರೋದು ಬೇಡ್ವಾ? ಯಾಕೆ ನಗ್ತೀರಿ? ನಗಲಿಲ್ವಾ... ಸರಿ. ನಿಮ್ ಪುಸ್ತಕದಲ್ಲಿ ಹಾಲು, ಮೊಟ್ಟೆ ಅಂತಿರ್ತದೆ. ಹೊಟ್ಟೆ ತುಂಬ ಇಕ್ಕಿ ನೋಡಿದ್ದೀನಿ ಕಣಮ್ಮ ನಾನು. ಏನಾಯ್ತು... ಯಾರಿಗೆ ಅಂತಲಾ? ಯಾರಿಗೋ. ಮೇಕೆಗೆ! ಮುಂದಿಂದು ಕೇಳಿ.

ಕಾಲು ಊದಿರೋದು ನನಗೂ ಕಾಣ್ತದೆ. ತಿಂಗಳು ತುಂಬಿದೋಳಿಗೆ ಊದ್ತದೆ. ಅದಕ್ಕೆ ನಿಮ್ ಜೀಪಲ್ಲಿ ಶ್ರೀನಿವಾಸಪುರದ ಆಸ್ಪತ್ರೆಗಂತೆ, ಇವತ್ತೇ ಅಂತೆ! ಜೀಪು ಅಂದ್ರೇನೇ ನಮಗೆ ಆಗಲ್ಲ. ಎಮರ್ಜೆನ್ಸೀಲಿ ಆಪರೇಷನ್ನಿಗೆ ಹಿಡಿಯೋಕೆ ಇಂಥದೇ ಬಂದಿತ್ತು. ನನ್ನ ಮಗ ಕದಿರಪ್ಪ ಮಾವಿನ ಮರ ಹತ್ತಿ ಕೂತೋನು, ಕೆಂಜಿಗ ಮೈಯೆಲ್ಲ ಕಚ್ಚಿದ್ರೂ ಕಮಕ್ ಕಿಮಕ್ ಅನ್ನಲಿಲ್ಲ!

ಏನು? ಈ ಮನೇಲಿ ಹೆರಿಗೇಲಿ ಯಾರಾದ್ರೂ... ಥೂ, ಬಿಡ್ತು ಅನ್ನಿ! ಯಾರೂ ಇಲ್ಲ. ಸೊನ್ನೆ ಹಾಕಿ. ಯಲ್ದೂರು ಕಡೆ ಸೂಲಗಿತ್ತಿ ಆಂಜಿನಮ್ಮ ಅಂತ ನನ್ನ ಹೆಸರು ಹೇಳಿ ಕೇಳ್ನೋಡಿ. ಈ ಬೀದಿ ಮಕ್ಕಳೆಲ್ಲ ಈ ಕೈಗೇ ಬಿದ್ದೋರು.

ಬರೀರಿ ಮತ್ತೆ. ಯಾಕೆ ನಿಲ್ಲಿಸಿದ್ರಿ?

ಅವಳ ಕುತ್ತಿಗೇಲಿ ಏನು ನೋಡ್ತೀರಿ? ತಾಳಿ ಕಣಮ್ಮ... ಅದರ ಪಕ್ಕದ್ದಾ? ಬಿಲ್ಲೆ. ಬೆಳ್ಳೀದು. ಸುಮ್ನೆ ಕಟ್ಟಿರೋದು... ಲೇ ರತ್ನಾ, ಸೆರಗು ಹೊದ್ಕೊಳೇ!

ಓ... ಗೊತ್ತಾ ನಿಮಗೆ? ಇಂಗ್ಲಿಷ್ ಓದಿದೋರಿಗೆ ಇದೆಲ್ಲ ಎಲ್ಲಿ ಗೊತ್ತಿರ್ತದೆ ಅನ್ಕೊಂಡಿದ್ದೆ. ಹೂಂ, ಸವತಿ ಬಿಲ್ಲೆ. ಮೊದಲ್ನೇ ಹೆಂಡ್ತಿ ಸತ್ರೆ, ಎರಡನೇವಳು ಅವಳ ಹೆಸರಲ್ಲಿ ಕಟ್ಕೋಬೇಕು. ಇಲ್ದಿದ್ರೆ ಕಾಡ್ತಾಳಂತೆ.

ಭಾರತಿ ಅಂತ, ಕದಿರಪ್ಪನ ಮೊದಲ್ನೇ ಹೆಂಡ್ತಿ. ಜ್ವರ ಬಂದು ಹೋದ್ಲು. ಜ್ವರ, ಅಷ್ಟೇ...

ಏನಾದ್ರೂ ಕೇಳಿ ತಾಯಿ. ಪೆನ್ನು ಯಾಕೆ ಮುಚ್ಚಿಟ್ರಿ?

...ಎರಡು ದಿನ ಒದ್ದಾಡಿದ್ಲು. ದಪ್ಪ ಕೂಸು. ಅಡ್ಡ ತಿರುಗಿತ್ತೋ, ಏನೋ... ನನ್ನ ಕೈಗೆ ಸಿಗಲಿಲ್ಲ ಕಣಮ್ಮ. ಇಬ್ರೂ ಹೋದ್ರು. ಇದೇ ಕೋಣೇಲಿ.

ರತ್ನಾ... ನೀನ್ಯಾಕೆ ಗೋಡೆಗೆ ಒರಗಿಬಿಟ್ಟೆ? ಹೂಂ... ಅವಳು ಜ್ವರಕ್ಕೆ ಹೋದ್ಲು ಅಂತಲೇ ನಿಂಗೂ ಹೇಳಿದ್ವಿ. ಇಲ್ದಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ನಾ?

ಅಳಬೇಡ. ಏಳು... ಮೆತ್ತಗೆ. ತಾಯಿ, ಆ ಕಡೆ ರಟ್ಟೆ ಸ್ವಲ್ಪ ಹಿಡ್ಕೊಳ್ಳಿ. ನಿಮ್ ಜೀಪು ಬಾಗಿಲವರೆಗೂ ಬರ್ತದಾ?