ಜೂನ್ ಒಂದರಂದು ಹುಟ್ಟಿದ ಹುಡುಗಿ

ಎಲ್ಲರಿಗೂ ನಮಸ್ಕಾರ. ಮುಂದೆ ಕುಳಿತಿರುವ ರಂಗನಾಯಕ ಮೇಷ್ಟ್ರ ಮಡದಿ ಪದ್ಮಿನಿ ಅಮ್ಮನವರಿಗೆ, ಅವರ ಮಗ ತೇಜಸ್‌ಗೆ, ಶಿಕ್ಷಣ ಇಲಾಖೆಯಿಂದ ಬಂದಿರುವ ಅಧಿಕಾರಿಗಳಿಗೆ, ನಮ್ಮ ಶಾಲೆಯ ಮೇಷ್ಟ್ರುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ — ಎಲ್ಲರಿಗೂ.

ನಾನು ಸದಾಶಿವಪ್ಪ. ರಂಗನಾಯಕ ಮೇಷ್ಟ್ರ ಜೊತೆ ಒಂದೇ ಶಾಲೆಯಲ್ಲಿ ಹದಿಮೂರು ವರ್ಷ ಕೆಲಸ ಮಾಡಿದವನು. ಅವರು ದೈಹಿಕ ಶಿಕ್ಷಕರು, ನಾನು ಕನ್ನಡ ಮೇಷ್ಟ್ರು. ನಿನ್ನೆ ಕೂತು ಎರಡು ಪುಟ ಬರೆದುಕೊಂಡಿದ್ದೆ. ತುಂಬಲಾರದ ನಷ್ಟ, ಅಗಲಿದ ಚೇತನ — ಎಲ್ಲವೂ ಅದರಲ್ಲಿದೆ. ಜೇಬಿನಲ್ಲಿದೆ. ಓದೋಣ ಅಂತ ಎದ್ದರೆ ಓದಲಾಗುತ್ತಿಲ್ಲ. ಕ್ಷಮಿಸಿ, ಒಂದು ವಾರದಿಂದ ನನ್ನ ತಲೆ ನೆಟ್ಟಗಿಲ್ಲ. ಮಾತು ಹಿಂದುಮುಂದಾದರೆ ನೀವೇ ಸರಿಮಾಡಿಕೊಳ್ಳಿ.

ಮೊದಲು ಈ ಐಸ್ ಹಾಕಿ ಆಟದ ವಿಷಯ. ನನಗೆ ಇವತ್ತಿಗೂ ಅದು ಅರ್ಥವಾಗಿಲ್ಲ ಸ್ವಾಮಿ. ಮಂಜುಗಡ್ಡೆಯ ಮೈದಾನ, ಕಾಲಿಗೆ ಚಾಕುವಿನಂಥ ಅಲಗು ಇರುವ ಶೂ, ಕೈಯಲ್ಲಿ ಕೋಲು. ಚೆಂಡೂ ಇಲ್ಲ — ರಬ್ಬರಿನ ಬಿಲ್ಲೆ. ಕೊಳ್ಳೇಗಾಲಕ್ಕೂ ಅದಕ್ಕೂ ಏನು ಸಂಬಂಧ? ನಮಗೆ ಐಸ್ ಅಂದರೆ ಬೇಸಿಗೆಯ ಐಸ್‌ಕ್ಯಾಂಡಿ, ಸಂತೆಯ ಮೀನಿನ ಪೆಟ್ಟಿಗೆ. ಅಷ್ಟೇ.

ರಂಗನಾಯಕರು ಮಗ್ಗದ ಮನೆಯಲ್ಲಿ ಹುಟ್ಟಿದವರು. ಅವರ ದೊಡ್ಡಪ್ಪನ ಮನೆಯ ಹಿಂದೆ ಒಂದು ಶೆಡ್ಡು ಖಾಲಿ ಬಿದ್ದಿತ್ತು. ಮಗ್ಗಗಳನ್ನು ತೆಗೆದಿದ್ದರು. ಕಾಲು ಇಳಿಬಿಡುವ ಗುಂಡಿಗಳು ಮಾತ್ರ ಬಾಯಿ ತೆರೆದುಕೊಂಡಿದ್ದವು. ಆ ಗುಂಡಿಗಳನ್ನು ಮುಚ್ಚಿಸಿ, ಮೇಲೆ ಸಿಮೆಂಟು ಹಾಕಿಸಿ, ಎಲ್ಲಿಂದಲೋ ಹಳೆಯ ಚಕ್ರದ ಶೂಗಳನ್ನು ತಂದು, ಹೆಣ್ಣುಮಕ್ಕಳನ್ನು ನಿಲ್ಲಿಸಿದರು. ಕೋಲಿನ ಹಿಡಿಗೆ ಮಗ್ಗದಲ್ಲಿ ಉಳಿದ ರೇಷ್ಮೆ ನೂಲು ಸುತ್ತಿದರು. ಗುಂಡಿ ಇದ್ದ ಕಡೆ ಸಿಮೆಂಟು ಕುಸಿಯುತ್ತಿತ್ತು. ಮಕ್ಕಳು ಅಲ್ಲಿ ಹಾರುವುದನ್ನು ಕಲಿತರು.

ನಾನು ಕೇಳಿದೆ — "ಮೇಷ್ಟ್ರೇ, ಕಬಡ್ಡಿ ಇದೆ, ಖೋಖೋ ಇದೆ, ನಿಮಗ್ಯಾಕೆ ಈ ಉಸಾಬರಿ?" ಅವರು ನಕ್ಕರು. "ಖೋಖೋಗೆ ಎಲ್ರೂ ಅವ್ರೆ ಕಣಯ್ಯ. ಇದುಕ್ಕೆ ಯಾರೂ ಇಲ್ಲ. ಯಾರೂ ಇಲ್ದಿರೋ ಸಾಲಲ್ಲಿ ನಿಂತ್ಕೊಂಡ್ರೆ ನಮ್ ಸರದಿ ಬೇಗ ಬತ್ತದೆ."

ಇನ್ನೊಂದು ಹೇಳುತ್ತೇನೆ. ನಗಬೇಡಿ — ನಕ್ಕರೂ ಪರವಾಗಿಲ್ಲ, ಅವರೇ ಇದನ್ನು ಹೇಳಿಕೊಂಡು ನಗುತ್ತಿದ್ದರು. ಮಕ್ಕಳಿಗೆ ನಿಜವಾದ ಐಸ್ ಮೇಲೆ ನಿಂತ ಅನುಭವ ಬೇಡವೇ ಅಂತ ನನ್ನನ್ನೂ ಐಸ್ ಕಾರ್ಖಾನೆಗೆ ಎಳೆದುಕೊಂಡು ಹೋದರು. ಈ ಮೇಜಿನಷ್ಟು ಉದ್ದದ ಎರಡು ಗಡ್ಡೆ. ಆಟೋದಲ್ಲಿ ಹೊಟ್ಟು ಹಾಕಿ, ಗೋಣಿತಾಟು ಹೊದಿಸಿ ತಂದೆವು. ಸೌಮ್ಯ ಅಂತ ಹುಡುಗಿ — ಹಿಂದುಗಡೆ ಕೂತಿದ್ದಾಳೆ, ಅವರಮ್ಮ ದೊಡ್ಡಮಾದಮ್ಮನ ಪಕ್ಕ — ಅವಳು ಅಲಗಿನ ಶೂ ಕಟ್ಟಿಕೊಂಡು ಗಡ್ಡೆ ಮೇಲೆ ಕಾಲಿಟ್ಟಳು. ಗಡ್ಡೆ ಸುಮ್ಮನಿರುತ್ತದೆಯೇ? ಅದು ಒಂದು ಕಡೆ ಜಾರಿತು, ಅವಳು ಇನ್ನೊಂದು ಕಡೆ. ಹಿಡಿಯಲು ಹೋದ ನಾನು ಹೊಟ್ಟಿನ ರಾಶಿಯಲ್ಲಿ. ಮೇಷ್ಟ್ರು ಮಾತ್ರ ಗಡಿಯಾರ ನೋಡಿ ಬರೆದುಕೊಂಡರು — ಎರಡು ಸೆಕೆಂಡು ನಿಂತಳು ಅಂತ.

ಆ ಎರಡು ಸೆಕೆಂಡಿನ ಹುಡುಗಿ ಡೆಹ್ರಾಡೂನಿನ ಶಿಬಿರಕ್ಕೆ ಹೋಗಿ, ನಮ್ಮ ದೇಶದ ಹದಿನೆಂಟರೊಳಗಿನ ತಂಡಕ್ಕೆ ಆಯ್ಕೆಯಾದಳು. ಬರುವ ತಿಂಗಳು ಕಿರ್ಗಿಸ್ತಾನದಲ್ಲಿ ಆರು ದೇಶಗಳ ಹೆಣ್ಣುಮಕ್ಕಳ ಪಂದ್ಯಾವಳಿ. ಕೂಲಿ ಮಾಡುವ ತಾಯಿಯ ಮಗಳು. ಊರೆಲ್ಲ ಪಟಾಕಿ ಹೊಡೆಯಿತು, ನಿಮಗೆಲ್ಲ ಗೊತ್ತು. ಆಮೇಲೆ ತಂಡದವರಿಂದ ಒಂದು ಪತ್ರ ಬಂತು. ಅದೂ ನಿಮಗೆ ಗೊತ್ತು. ಹುಡುಗಿಗೆ ವಯಸ್ಸು ಮೀರಿದೆ, ಶಾಲಾ ದಾಖಲೆಯಲ್ಲಿ ಜನ್ಮದಿನಾಂಕ ೨೦೦೭ರ ಜೂನ್ ಒಂದು. ತಂಡಕ್ಕೆ ಬೇಕಾದದ್ದು ೨೦೦೮ರ ಜನವರಿ ಒಂದರಂದು ಅಥವಾ ಆಮೇಲೆ ಹುಟ್ಟಿದವರು.

ಜೂನ್ ಒಂದು. ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ, ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆ. ಇಲ್ಲಿ ಕೂತಿರುವವರಲ್ಲೂ ಎಷ್ಟು ಜನ ಜೂನ್ ಒಂದರವರೋ. ತಂದೆತಾಯಿಗೆ ತಾರೀಕು ಗೊತ್ತಿರುತ್ತಿರಲಿಲ್ಲ, ಮಗುವಿಗೆ ಒಂದನೇ ತರಗತಿಗೆ ಬೇಕಾದ ಆರು ವರ್ಷ ತುಂಬಿದ ಹಾಗೆ ಲೆಕ್ಕ ಹಾಕಿ ನಾವು ಮೇಷ್ಟ್ರುಗಳೇ ಬರೆಯುತ್ತಿದ್ದೆವು. ಯಾರಿಗೂ ಕೆಡುಕು ಮಾಡಬೇಕು ಅಂತಲ್ಲ. ಹಾಗೇ ನಡೆದುಕೊಂಡು ಬಂದಿತ್ತು.

ಸೌಮ್ಯಳನ್ನು ಸೇರಿಸಿದ್ದು ೨೦೧೩ರಲ್ಲಿ. ದೊಡ್ಡಮಾದಮ್ಮ ಎರಡು ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಬಂದಿದ್ದಳು. ದೊಡ್ಡವಳು ಮೇಘನಾ, ಅವಳಿಗೆ ಆರಾಗಿತ್ತು. ಚಿಕ್ಕವಳಿಗೆ ಐದೂ ಆಗಿರಲಿಲ್ಲ. "ಇದ್ನೂ ಅಕ್ಕನ್ ಜೊತೇಲೆ ಸೇರಿಸ್ಕಳಿ ಸಾ. ಮನೇಲಿ ಒಂದ್ನೇ ಬುಟ್ಟು ಕೂಲಿಗೆ ಎಂಗೋಗ್ಲಿ?" ಯಾವಾಗ ಹುಟ್ಟಿದ್ದಮ್ಮ ಅಂದರೆ, "ಕುಂತೂರ್ ಫ್ಯಾಕ್ಟ್ರೀಲಿ ಕಬ್ಬು ಅರಿಯಕೆ ಸುರು ಮಾಡಿದ್ ವಾರ್ದಲ್ಲಿ ಸಾ" ಅಂದಳು. ಯಾವ ವರ್ಷ? ಅದು ಅವಳಿಗೆ ಗೊತ್ತಿಲ್ಲ. ಪೆನ್ನು ಹಿಡಿದವರು ಜೂನ್ ಒಂದು ಅಂತ ಬರೆದರು, ಹುಡುಗಿಗೆ ಒಂದೂವರೆ ವರ್ಷ ಜಾಸ್ತಿ ಮಾಡಿದರು. ಅಕ್ಕತಂಗಿ ಇಬ್ಬರೂ ಒಂದೇ ದಿನ ಹುಟ್ಟಿದ ಹಾಗಾಯಿತು. ಅದನ್ನು ನೋಡಿ ಯಾರೂ ಏನೂ ಕೇಳಲಿಲ್ಲ.

ಬರೆದದ್ದು ತಪ್ಪೇ? ಹೌದು. ಬರೆಯದೆ ವಾಪಸ್ಸು ಕಳಿಸಿದ್ದರೆ ಮಗು ತಾಯಿಯ ಜೊತೆ ಕಬ್ಬಿನ ಗದ್ದೆಗೆ ಹೋಗುತ್ತಿತ್ತು. ಶಾಲೆಯೂ ಇಲ್ಲ, ಮೇಷ್ಟ್ರೂ ಇಲ್ಲ, ಐಸೂ ಇಲ್ಲ. ಹಾಗಾದರೆ ಬರೆದದ್ದು ಸರಿಯೇ? ಈಗ ಅದೇ ಅಕ್ಷರ ಅವಳ ಕಾಲಿಗೆ ತೊಡರಿಕೊಂಡಿದೆಯಲ್ಲ. ನನಗೆ ತಿಳಿಯುತ್ತಿಲ್ಲ. ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ಪತ್ರ ಬಂದ ಮಾರನೆಯ ದಿನ ರಂಗನಾಯಕರು ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ, "ಆ ದಿನಾಂಕ ಬರೆದವನು ನಾನೇ, ತಪ್ಪು ನನ್ನದು" ಅಂತ ಬರೆದುಕೊಟ್ಟು ಬಂದರು. ಊರು ಆಡಿಕೊಂಡಿತು. ಪಂದ್ಯ ಗೆಲ್ಲಿಸಿಕೊಳ್ಳುವುದಕ್ಕೆ ಮೇಷ್ಟ್ರು ವಯಸ್ಸು ತಿದ್ದಿದರು ಅಂದರು. ವಯಸ್ಸು ತಿದ್ದುವವರು ಕಡಿಮೆ ಮಾಡುತ್ತಾರೆ ಸ್ವಾಮಿ, ಜಾಸ್ತಿ ಮಾಡುತ್ತಾರೆಯೇ? ಯಾರೂ ಅಷ್ಟು ಯೋಚಿಸಲಿಲ್ಲ. ಮೇಷ್ಟ್ರು ಅಷ್ಟರಲ್ಲಿ ಸೌಮ್ಯಳ ಹೆರಿಗೆ ಮಾಡಿಸಿದ ನರ್ಸ್ ವಸಂತಮ್ಮ ನಿವೃತ್ತರಾಗಿ ಯಳಂದೂರಿನಲ್ಲಿದ್ದಾರೆ ಅಂತ ಪತ್ತೆ ಮಾಡಿದರು. ಆಯಮ್ಮ ಹಳೆಯ ಪುಸ್ತಕ ತೆಗೆದು ೨೦೦೮ರ ನವೆಂಬರಿನ ಬರಹ ತೋರಿಸಿದರು, ಸಹಿ ಮಾಡಿಕೊಟ್ಟರು. ಅದನ್ನು ಹಿಡಿದುಕೊಂಡು ವಾಪಸ್ಸು ಬರುವಾಗ ಬಸ್ಸಿನಲ್ಲೇ ಎದೆನೋವು. ಮುಂದಿನದು — ಪದ್ಮಿನಿ ಅಮ್ಮ, ಮುಂದಿನದನ್ನು ನಾನು ಹೇಳುವುದಿಲ್ಲ.

ವಸಂತಮ್ಮನವರ ಕಾಗದವನ್ನು ತಂಡದವರು ಒಪ್ಪಿದ್ದಾರೆ. ಇನ್ನು ಒಂದೇ ಒಂದು ಬಾಕಿ. ಶಾಲೆಯಲ್ಲಿ ತಪ್ಪು ದಿನಾಂಕ ಬರೆದವರು ಯಾಕೆ ಹಾಗೆ ಬರೆದರು ಅಂತ ಸ್ವಂತ ಕೈಯಲ್ಲಿ ಹೇಳಿಕೆ ಕೊಡಬೇಕು, ಕಚೇರಿ ಅದಕ್ಕೆ ಮೊಹರು ಹಾಕಬೇಕು. ರಂಗನಾಯಕರ ಹೇಳಿಕೆಯನ್ನು ಕಚೇರಿ ಒಪ್ಪಲಿಲ್ಲ. ಪುಸ್ತಕದಲ್ಲಿರುವ ಅಕ್ಷರ ಅವರದಲ್ಲ ಅಂದರು. ಸರಿಯಾಗೇ ಅಂದರು. ಕೊನೆಯ ದಿನ ನಾಳೆ, ಸೋಮವಾರ. ನಾಳೆ ಸಂಜೆಯೊಳಗೆ ಹೇಳಿಕೆ ಹೋಗದಿದ್ದರೆ ಸೌಮ್ಯಳ ಜಾಗಕ್ಕೆ ಬೇರೆ ಹುಡುಗಿ.

— ನೀರು ಬೇಡಪ್ಪ, ಬೇಡ. ಪರವಾಗಿಲ್ಲ.

ಅಕ್ಷರ ನನ್ನದು.

ಅವತ್ತು ಪೆನ್ನು ಹಿಡಿದಿದ್ದವನು ನಾನು. ರಂಗನಾಯಕರು ಅಂಗಳದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದರು. ಪತ್ರ ಬಂದಾಗ ನಾನು, ಬರುವ ವರ್ಷ ನಿವೃತ್ತಿ, ಈಗ ವಿಚಾರಣೆ, ಅಮಾನತು ಅಂದರೆ ಏನು ಗತಿ ಅಂತ ಅವರ ಮುಂದೆ ಅತ್ತೆ. ಅವರು ಬೆನ್ನು ತಟ್ಟಿ, "ನೀ ಸುಮ್ನಿರು ಸದಾಶಿವಪ್ಪ, ನಾ ನೋಡ್ಕತೀನಿ" ಅಂದರು. ನಾನು ಸುಮ್ಮನಿದ್ದೆ. ಕಚೇರಿಯವರು ಅಕ್ಷರ ಅವರದಲ್ಲ ಅಂದಾಗಲೂ ಸುಮ್ಮನಿದ್ದೆ. ಊರು ಅವರನ್ನು ಬೈಯುವಾಗ ಟೀ ಅಂಗಡಿಯಲ್ಲಿ ನಾನೂ ಕೂತಿದ್ದೆ.

ಯಾಕೆ ಹಾಗೆ ಮಾಡಿದರು? ನನ್ನ ಮೇಲಿನ ಪ್ರೀತಿಯೋ, ನಾನು ಹೇಗೂ ಬಾಯಿ ಬಿಡುವುದಿಲ್ಲ ಅಂತ ಗೊತ್ತಿತ್ತೋ, ಅಥವಾ ಹುಡುಗಿ ಪಂದ್ಯಕ್ಕೆ ಹೋದರೆ ಸಾಕು, ಯಾರ ಹೆಸರಾದರೇನು ಅಂತಲೋ? ಗೊತ್ತಿಲ್ಲ. ಕೇಳಬೇಕು ಅಂದುಕೊಂಡಿದ್ದೆ. ಕೇಳುವುದರೊಳಗೆ ಹೋದರು. ಇಲ್ಲಿಗೆ ಬರುವಾಗಲೂ ಇದನ್ನು ಹೇಳುತ್ತೇನೆ ಅಂತ ನನಗೆ ನಂಬಿಕೆ ಇರಲಿಲ್ಲ. ನಿಜ ಹೇಳುತ್ತೇನೆ, ಜೇಬಿನಲ್ಲಿರುವ ಎರಡು ಪುಟಗಳಲ್ಲಿ ಇದರ ಒಂದು ಸಾಲೂ ಇಲ್ಲ.

ಅಧಿಕಾರಿಗಳೇ, ನಾಳೆ ಬೆಳಗ್ಗೆ ಹತ್ತಕ್ಕೆ ನಿಮ್ಮ ಬಾಗಿಲಲ್ಲಿರುತ್ತೇನೆ. ನಿಮ್ಮ ಮುಂದೆಯೇ ಕೂತು ಬರೆದುಕೊಡುತ್ತೇನೆ, ಅಕ್ಷರ ಹೋಲಿಸಿ ನೋಡಿಕೊಳ್ಳಿ. ಆಮೇಲೆ ನನ್ನನ್ನು ಏನು ಮಾಡಬೇಕೋ ಮಾಡಿ. ಸೌಮ್ಯ, ನೀನೂ ಅಮ್ಮನನ್ನು ಕರೆದುಕೊಂಡು ಬಾ ಮಗಳೇ. ಪದ್ಮಿನಿ ಅಮ್ಮ — ನಿಮ್ಮ ಮುಖ ನೋಡುವ ಧೈರ್ಯ ನನಗಿಲ್ಲ. ನಿಮ್ಮ ಯಜಮಾನರು ಏನನ್ನೂ ತಿದ್ದಿದವರಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ವಯಸ್ಸಾದವರು ಕೂತೇ ಇರಬಹುದು. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ಇಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ನನಗೋಸ್ಕರ. ಈ ಒಂದು ನಿಮಿಷ ರಂಗನಾಯಕ ಮೇಷ್ಟ್ರಿಗೋಸ್ಕರ.